ವೆಂಕಟಗಿರಿಯ ಉಂಗುರ ಬೆರಳು

ಮರ್ಫಿ ಎಂಬ ಊರಿನ ವೆಂಕಟಗಿರಿಗೆ ತಾಳಜ್ಞಾನವಿಲ್ಲ ಎಂಬುದು ಡಾಲಸ್ ಸುತ್ತಮುತ್ತಲಿನ ಕನ್ನಡಿಗರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವನು ಒಬ್ಬನೇ ಇದ್ದ, ಅವನು ವೆಂಕಟಗಿರಿ.

ಯಾವ ದೇವಸ್ಥಾನದ ಹಾಲಿನಲ್ಲಿ, ಯಾವ ಶಾಲೆಯ ಕೆಫೆಟೀರಿಯಾದಲ್ಲಿ ಕಚೇರಿ ನಡೆದರೂ ಮೊದಲ ಸಾಲಿನ ನಟ್ಟನಡುವಿನ ಕುರ್ಚಿ ಅವನದು. ಜುಬ್ಬದ ತೋಳು ಮಡಚಿ, ಬಲತೊಡೆಯನ್ನು ಸ್ವಲ್ಪ ಮುಂದಕ್ಕೆ ತಂದು ಅವನು ತಾಳ ಹಾಕಲು ತೊಡಗಿದನೆಂದರೆ ಮೈಕಿನ ಹಂಗಿಲ್ಲದೆ ಕೊನೆಯ ಸಾಲಿಗೂ ಕೇಳುತ್ತಿತ್ತು. ತೊಡೆ ತಟ್ಟುವುದರಲ್ಲಿ ಏನೂ ದೋಷವಿರಲಿಲ್ಲ. ಕಿರುಬೆರಳು ಎಣಿಸುವುದರಲ್ಲೂ ಇರಲಿಲ್ಲ. ಉಂಗುರ ಬೆರಳಿಗೆ ಬರುವ ಹೊತ್ತಿಗೆ ಮಾತ್ರ ಅವನ ಕಣ್ಣು ಹಾಡುವವರ ಮುಖಕ್ಕೆ ಹೋಗುತ್ತಿತ್ತು, ಮನಸ್ಸು ರಾಗದ ಹಿಂದೆ ಹೊರಡುತ್ತಿತ್ತು, ಬೆರಳು ಬಸ್ಸು ತಪ್ಪಿಸಿಕೊಂಡವರ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು. ಅವನಿಗೆ ಎಚ್ಚರವಾಗುವಷ್ಟರಲ್ಲಿ ಹಾಡು ಮುಂದಿನ ಆವರ್ತನಕ್ಕೆ ಹೋಗಿರುತ್ತಿತ್ತು. ಅವನು ತನ್ನ ಲೆಕ್ಕವನ್ನು ಸಾವಧಾನವಾಗಿ ಅಲ್ಲಿಂದಲೇ ಮುಂದುವರಿಸುತ್ತಿದ್ದ. ತಪ್ಪಿದ್ದು ಹಾಡು ಎಂದು ಅವನ ಖಚಿತ ಅಭಿಪ್ರಾಯ.

ಹಿಂದಿನ ವರ್ಷ ಬೆಂಗಳೂರಿನಿಂದ ಬಂದಿದ್ದ ಮೃದಂಗ ವಿದ್ವಾಂಸರೊಬ್ಬರು ಕಚೇರಿ ಮುಗಿಯುವ ತನಕ ಕಣ್ಣು ಬಿಡಲಿಲ್ಲ. "ನನ್ನ ತಾಳ ಕೇಳಿ ಆ ಪುಣ್ಯಾತ್ಮರು ಸಮಾಧಿ ಸ್ಥಿತಿಗೆ ಹೋಗ್ಬಿಟ್ರು" ಎಂದು ವೆಂಕಟಗಿರಿ ಆರು ತಿಂಗಳು ಹೇಳಿಕೊಂಡು ತಿರುಗಿದ. ಕಣ್ಣು ಮುಚ್ಚಿದ್ದು ಏಕೆಂದು ವಿದ್ವಾಂಸರು ವಿಮಾನ ಹತ್ತುವ ಮುನ್ನ ಸಂಗೀತ ಸಭೆಯ ಅಧ್ಯಕ್ಷ ಡಾಕ್ಟರ್ ಬದರಿನಾಥರಿಗೆ ಹೇಳಿಯೇ ಹೋಗಿದ್ದರು.

ಬದರಿನಾಥರು ಹೃದ್ರೋಗ ತಜ್ಞರು. ವಾರವೆಲ್ಲ ಲಯ ತಪ್ಪಿದ ಎದೆಗಳಿಗೆ ಕಿವಿಗೊಡುವ ಮನುಷ್ಯ, ಭಾನುವಾರ ಸಂಜೆಯಾದರೂ ನೆಟ್ಟಗೆ ಬಡಿಯುವುದನ್ನೇನಾದರೂ ಕೇಳೋಣವೆಂದು ಸಭೆ ಕಟ್ಟಿದ್ದರು. ೨೦೦೫ರ ಯುಗಾದಿ ಕಚೇರಿಗೆ ಮೊದಲು ಅವರು ವೆಂಕಟಗಿರಿಯನ್ನು ಪಕ್ಕಕ್ಕೆ ಕರೆದು, "ಈ ಸಲ ನೀವು ಪಾರ್ಕಿಂಗ್ ನೋಡ್ಕೋಬೇಕು. ಮಂಗಳ ಮುಗಿಯೋ ತನಕ ಹೊರಗೇ" ಎಂದರು.

ಬೇರೆ ಯಾರ ಕಚೇರಿಯಾಗಿದ್ದರೂ ವೆಂಕಟಗಿರಿ ನಕ್ಕು ಸುಮ್ಮನಾಗುತ್ತಿದ್ದನೋ ಏನೋ. ಆದರೆ ಆ ಯುಗಾದಿಗೆ ಹಾಡುವವಳು ಅವನ ಹೆಂಡತಿ ರಾಜಲಕ್ಷ್ಮಿ. ವರ್ಷಗಟ್ಟಲೆ ಮನೆಯ ಗರಾಜಿನಲ್ಲಿ ಚಾಪೆ ಹಾಸಿ ಊರ ಮಕ್ಕಳಿಗೆ ಸರಳೆ ಜಂಟಿ ಹೇಳಿಕೊಟ್ಟವಳಿಗೆ ಅಮೆರಿಕದಲ್ಲಿ ಮೊದಲ ಪೂರ್ಣ ಕಚೇರಿ.

"ಡಾಕ್ಟ್ರೇ, ಹಾಡೋದು ನನ್ನ ಹೆಂಡ್ತಿ."

"ಗೊತ್ತು. ಅದಕ್ಕೇ ಪಾರ್ಕಿಂಗು. ಬೇರೆಯವರಾಗಿದ್ರೆ ಕೊನೇ ಸಾಲು ಕೊಡ್ತಿದ್ದೆ."

"ನನ್ನ ತಾಳಕ್ಕೆ ಏನಾಗಿದೆ?"

ಡಾಕ್ಟರು ಅವನ ಮಣಿಕಟ್ಟು ಹಿಡಿದು ಒಂದು ನಿಮಿಷ ನೋಡಿದರು. "ನಾಡಿ ನೆಟ್ಟಗಿದೆ. ಅದು ಹೇಗೆ ನೆಟ್ಟಗಿದೆ ಅಂತಾನೇ ನನಗೆ ಅರ್ಥ ಆಗಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ದೋಸೆಗೆ ನೆನೆಹಾಕುತ್ತಾ, "ಜಾಕೆಟ್ ತಗೊಂಡ್ಹೋಗಿ, ಪಾರ್ಕಿಂಗ್‌ನಲ್ಲಿ ಗಾಳಿ ಇರತ್ತೆ" ಎಂದಳು. ತನ್ನ ತಾಳದ ಬಗ್ಗೆ ಮನೆಯೊಳಗೂ ಎರಡು ಅಭಿಪ್ರಾಯಗಳಿರಬಹುದೆಂಬ ಅನುಮಾನ ವೆಂಕಟಗಿರಿಗೆ ಮೊದಲ ಸಲ ಬಂತು. ಬಂದಷ್ಟೇ ಬೇಗ ಹೋಯಿತು. ಮೊದಲ ಸಾಲಿನ ಕುರ್ಚಿಯನ್ನು ಯುಗಾದಿಯೊಳಗೆ ವಾಪಸು ಪಡೆದೇ ತೀರುವುದೆಂದು ಅವನು ನಿರ್ಧರಿಸಿದ.

ಹೇಗೆಂದು ಅವನಿಗೇ ಗೊತ್ತಿರಲಿಲ್ಲ. ದಾರಿ ತೋರಿಸಿದವನು ಅವನ ಆಫೀಸಿನ ಮ್ಯಾನೇಜರ್. ಮಿನೆಸೋಟಾ ಕಡೆಯವನಾದ ಆತನ ಅಜ್ಜ ನಾರ್ವೆಯಿಂದ ಬಂದವನಂತೆ. ಅಲ್ಲಿನ ಜಾನಪದ ಹಾಡು, ಕವಿತೆ, ಜಾಝ್ ಎಲ್ಲ ಬೆರೆಸಿ ಸ್ಥಳದಲ್ಲೇ ಹೊಸೆದು ನುಡಿಸುವ ನಾಲ್ವರ ತಂಡ ಡಾಲಸ್‌ಗೆ ಬರುತ್ತಿದೆ, ತನಗೆ ಹೋಗಲಾಗುತ್ತಿಲ್ಲ, ನಿನಗೆ ಲಯದಲ್ಲಿ ಆಸಕ್ತಿ ಇದೆಯೇ ಎಂದು ಎರಡು ಟಿಕೆಟ್ ಮುಂದೆ ಹಿಡಿದ.

"ಲಯವೇ? ಅದು ನಮ್ಮ ಮನೆಯ ವಿಷಯ" ಎಂದು ವೆಂಕಟಗಿರಿ ಗಂಭೀರವಾಗಿ ತೆಗೆದುಕೊಂಡ.

ರಾಜಲಕ್ಷ್ಮಿಗೆ ಸಾಧನೆ ಇತ್ತು. ಆದ್ದರಿಂದ ಪಕ್ಕದ ಊರು ಯೂಲೆಸ್‌ನ ಗೆಳೆಯ, ಧಾರವಾಡದ ಬಸವರಾಜನನ್ನು ಎಳೆದುಕೊಂಡು ಹೋದ. ಕಚೇರಿ ಇದ್ದದ್ದು ಒಂದು ಹಳೆಯ ಚರ್ಚಿನ ಹಾಲಿನಲ್ಲಿ. ವೆಂಕಟಗಿರಿ ಅಭ್ಯಾಸಬಲದಿಂದ ಬಾಗಿಲಲ್ಲೇ ಶೂ ಬಿಚ್ಚಿಟ್ಟ. ಅದನ್ನು ನೋಡಿ ಹಿಂದೆ ಬಂದ ದಂಪತಿಗಳೂ ಇದೇ ಇಲ್ಲಿನ ಪದ್ಧತಿಯೆಂದು ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ದೇವಸ್ಥಾನದಷ್ಟು ಚಪ್ಪಲಿ ಸೇರಿದವು.

ನಾರ್ವೆಯವನೊಬ್ಬ ಸ್ಯಾಕ್ಸೊಫೋನ್ ಊದಿದ, ಫಿನ್ಲೆಂಡಿನವನೊಬ್ಬ ಆಳೆತ್ತರದ ಬೇಸ್ ಹಿಡಿದು ನಿಂತ, ಡೆನ್ಮಾರ್ಕಿನ ಟೊರ್ಬೆನ್ ಎಂಬ ಬಿಳಿಗಡ್ಡದವನು ಡ್ರಮ್ಸ್ ಮುಂದೆ ಕೂತ. ಸಿಗ್ರಿಡ್ ಎಂಬ ಎತ್ತರದ ಹೆಂಗಸು ಪಿಟೀಲು ನುಡಿಸುತ್ತ ನಡುನಡುವೆ ತನ್ನ ಭಾಷೆಯಲ್ಲಿ ಕವಿತೆ ಹೇಳುತ್ತಿದ್ದಳು.

"ಏನ್ ಹೇಳಾಕತ್ತಾಳ್ರಿ ಆಕಿ?" ಎಂದ ಬಸವರಾಜ.

"ವಿರಹ. ನದೀ ತೀರದಲ್ಲಿ ನಾಯಕಿ ಕಾಯ್ತಾ ಇದಾಳೆ, ಅವನು ಬಂದಿಲ್ಲ."

"ನಿಮಗ ಆ ಭಾಷಾ ಬರ್ತದೇನ್ರಿ?"

"ಭಾವಕ್ಕೆ ಭಾಷೆ ಎಂಥದು" ಎಂದು ವೆಂಕಟಗಿರಿ ತೋಳು ಮಡಚಿ ತೊಡೆ ಮುಂದಕ್ಕೆ ತಂದ. ಬಸವರಾಜ ಕಣ್ಣು ಮುಚ್ಚಿ ನಿದ್ದೆಹೋದ.

ಆದಿತಾಳ ಶುರುವಾಯಿತು. ವೇದಿಕೆಯ ಮೇಲೆ ನಡೆಯುತ್ತಿದ್ದುದು ಆದಿತಾಳವಾಗಿರಲಿಲ್ಲ ಎಂಬುದು ವೆಂಕಟಗಿರಿಯ ದೃಷ್ಟಿಯಲ್ಲಿ ವೇದಿಕೆಯವರ ಸಮಸ್ಯೆ. ಉಂಗುರ ಬೆರಳು ಎಂದಿನಂತೆ ನಿಂತಿತು, ಎಂದಿನಂತೆ ಮುಂದುವರಿಯಿತು. ಇದ್ದಕ್ಕಿದ್ದಂತೆ ಉಳಿದ ಮೂವರೂ ನಿಲ್ಲಿಸಿದರು. ಟೊರ್ಬೆನ್ ಒಬ್ಬನೇ ನುಡಿಸತೊಡಗಿದ. ಎಲ್ಲಿಂದಲೋ ಬರುತ್ತಿದ್ದ ಶಬ್ದಕ್ಕೆ ಕತ್ತು ವಾಲಿಸಿ ಸಾಲು ಸಾಲೇ ಹುಡುಕುತ್ತ ಬಂದು ಅವನ ನೋಟ ವೆಂಕಟಗಿರಿಯ ತೊಡೆಯ ಮೇಲೆ ನಿಂತಿತು.

ಬೇರೆ ಯಾರಾದರೂ ನಾಚಿ ಕೈ ಹಿಂದಕ್ಕೆಳೆಯುತ್ತಿದ್ದರು. ಆದರೆ ನಮ್ಮ ಕಚೇರಿಗಳಲ್ಲಿ ಒಂದು ಪದ್ಧತಿಯಿದೆ. ಮೃದಂಗವೊಂದೇ ನುಡಿಯುವ ತನಿ ಆವರ್ತನದಲ್ಲಿ ಅದರ ವಾದಕರು ಯಾರ ಕಡೆ ತಿರುಗಿ ನೋಡುತ್ತಾರೋ ಆ ರಸಿಕ ಕೈ ಎತ್ತರಕ್ಕೆ ತಂದು, ಎಲ್ಲರಿಗೂ ಕಾಣುವಂತೆ ತಾಳ ಹಾಕಿ ತೋರಿಸಬೇಕು. ಅದು ಮರ್ಯಾದೆ. ಇಷ್ಟು ವರ್ಷದಲ್ಲಿ ಒಬ್ಬ ಮೃದಂಗದವರೂ ವೆಂಕಟಗಿರಿಯ ಕಡೆ ತಿರುಗಿರಲಿಲ್ಲ. ಈಗ ಡೆನ್ಮಾರ್ಕಿನಿಂದ ಬಂದವನು ತಿರುಗಿದ್ದ. ವೆಂಕಟಗಿರಿಯ ಕಣ್ಣು ಮಂಜಾಯಿತು. ಅವನು ಎದ್ದು ನಿಂತು ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ, ಶುದ್ಧ ಮನಸ್ಸಿನಿಂದ, ತಪ್ಪು ತಾಳ ಹಾಕಿದ.

ಟೊರ್ಬೆನ್ ಹುಚ್ಚೆದ್ದು ನುಡಿಸಿದ. ಬೆರಳು ನಿಂತಾಗ ನಿಂತ, ಹೊರಟಾಗ ಹಾರಿದ. ಸ್ಯಾಕ್ಸೊಫೋನ್ ಬಂದು ಸೇರಿಕೊಂಡಿತು, ಬೇಸ್ ಸೇರಿಕೊಂಡಿತು. ಸಿಗ್ರಿಡ್ ಆ ನಿಲುಗಡೆಗಳಲ್ಲಿ ಕವಿತೆಯ ಒಂದೊಂದು ಪದವಿಟ್ಟಳು. ಕೊನೆಗೆ ಇಡೀ ಹಾಲು ಬರಿಗಾಲಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆಗೆ ಎಚ್ಚರಗೊಂಡ ಬಸವರಾಜ, "ಮಂಗಳ ಆತೇನ್ರಿ?" ಎಂದ.

ಕಚೇರಿಯ ನಂತರ ಟೊರ್ಬೆನ್ ಎರಡೂ ಕೈ ಹಿಡಿದು, ತಮ್ಮೊಂದಿಗೆ ಹ್ಯೂಸ್ಟನ್‌ಗೂ ಆಸ್ಟಿನ್‌ಗೂ ಬರಬೇಕು, ವೇದಿಕೆಯ ಮೇಲೆ ಕುರ್ಚಿ ಹಾಕಿಸುತ್ತೇವೆ, ಇಂಥ ಲಯವನ್ನು ತಾನು ಎಲ್ಲೂ ಕೇಳಿಲ್ಲ ಎಂದ. ಕೊನೆಯ ಮಾತು ಅಕ್ಷರಶಃ ನಿಜವಾಗಿತ್ತು.

ಸುದ್ದಿ ಕಾರಿನಷ್ಟೇ ವೇಗವಾಗಿ ಮರ್ಫಿ ತಲುಪಿತು. "ವೆಂಕಟಗಿರಿ ಇಂಟರ್‌ನ್ಯಾಷನಲ್ ತಂಡದಾಗ ತೊಡೀ ಬಾರಸ್ತಾರ್ರಿ" ಎಂದು ಬಸವರಾಜ ಫೋನ್ ಮಾಡಿದ್ದು ಒಬ್ಬರಿಗೆ. ಮರುದಿನ ಪಟೇಲರ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದವರೆಲ್ಲ ಅದನ್ನೇ ಮಾತಾಡುತ್ತಿದ್ದರು. ಡಾಕ್ಟರ್ ಬದರಿನಾಥರು ಫೋನ್ ಮಾಡಿ, "ಅವರಿಗೆ ಕಿವಿ ಕೇಳಿಸುತ್ತಾ? ಇಎನ್‌ಟಿಯವರು ನನಗೆ ಪರಿಚಯ ಇದಾರೆ" ಎಂದರು. "ಕುರ್ಚಿ ಯುಗಾದಿಗೆ ಖಾಲಿ ಇರಲಿ ಡಾಕ್ಟ್ರೇ" ಎಂದಷ್ಟೇ ಹೇಳಿ ವೆಂಕಟಗಿರಿ ಫೋನ್ ಇಟ್ಟ.

ಹ್ಯೂಸ್ಟನ್‌ನಲ್ಲಿ ಡಾಲಸ್‌ಗಿಂತ ದೊಡ್ಡ ಹಾಲು, ದೊಡ್ಡ ಚಪ್ಪಾಳೆ. ರಾಜಲಕ್ಷ್ಮಿಯ ತಮ್ಮ ಪ್ರಹ್ಲಾದ ಅಲ್ಲೇ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ ಬಾಹ್ಯಾಕಾಶ ಕೇಂದ್ರದ ಎಂಜಿನಿಯರು. ತನ್ನ ಅತ್ತೆ ಹೊನ್ನಮ್ಮನವರನ್ನೂ ಕರೆದುಕೊಂಡು, ಪುಟ್ಟ ರೆಕಾರ್ಡರ್ ಹಿಡಿದು ಬಂದಿದ್ದ. ಸಿಗ್ರಿಡಳ ಕವಿತೆಗೆ ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಮಧ್ಯಾಹ್ನ ಪ್ರಹ್ಲಾದನ ಮನೆಯಲ್ಲಿ ತಂಡದ ನಾಲ್ವರಿಗೂ ಬಿಸಿಬೇಳೆಭಾತಿನ ಊಟ. ಫಿನ್ಲೆಂಡಿನವನು ಮೂರನೇ ಸಲ ಬಡಿಸಿಕೊಳ್ಳುತ್ತಿದ್ದಾಗ ಹೊನ್ನಮ್ಮ, "ಆ ಹುಡುಗಿ ಹೇಳಿದ್ದು ವಿರಹವೇ ಅಲ್ವೇನಪ್ಪ, ಕೇಳು" ಎಂದು ಅಳಿಯನಿಗೆ ಹೇಳಿದರು. ಪ್ರಹ್ಲಾದ ಕೇಳಿದ. ಸಿಗ್ರಿಡ್ ವಿವರಿಸಿದಳು. ಅದು ತನ್ನ ಊರಿನಲ್ಲಿ ಚಳಿಗಾಲದಲ್ಲಿ ಮೀನನ್ನು ಕಟ್ಟಿಗೆಯ ಗಳುಗಳಿಗೆ ನೇತುಹಾಕಿ ಒಣಗಿಸುವುದರ ಬಗ್ಗೆ ತಾನೇ ಬರೆದ ಕವಿತೆಯಂತೆ. ಹೊನ್ನಮ್ಮ ಸ್ವಲ್ಪ ಯೋಚಿಸಿ, "ಆಗಲಿ ಬಿಡು. ಮೀನಿಗೂ ಒಬ್ಬಳು ಅಮ್ಮ ಇರ್ತಾಳಲ್ಲ" ಎಂದು ತುಪ್ಪ ಬಡಿಸಿದರು.

ಪ್ರಹ್ಲಾದನಿಗೆ ಬೇರೆ ಚಿಂತೆ. ಲ್ಯಾಪ್‌ಟಾಪ್ ತಂದು ವೆಂಕಟಗಿರಿಯ ಮುಂದಿಟ್ಟ. ಪರದೆಯ ತುಂಬ ಏರುಪೇರು ಗೆರೆಗಳು.

"ಭಾವ, ಬೆಳಗಿನಿಂದ ಇದನ್ನ ಅನಲೈಸ್ ಮಾಡ್ತಾ ಇದೀನಿ. ಇದರಲ್ಲಿ ಪ್ಯಾಟರ್ನ್ ಇಲ್ಲ."

"ನಿನ್ನ ಮೆಷೀನ್‌ಗೆ ಆದಿತಾಳ ತಿಳಿಯಲ್ಲ ಕಣೋ."

"ಇದು ಆದಿತಾಳವೂ ಅಲ್ಲ ಭಾವ. ಯಾವ ತಾಳವೂ ಅಲ್ಲ."

ಟೊರ್ಬೆನ್ ಗೆರೆಗಳನ್ನು ನೋಡಿ ಸಂತೋಷದಿಂದ ತಲೆಯಾಡಿಸಿದ. "ಅದೇ ಇವರ ದೊಡ್ಡತನ. ನಾನು ವರ್ಷಗಟ್ಟಲೆ ಲೆಕ್ಕ ಕಲಿತೆ. ಕಲಿತದ್ದನ್ನು ಮರೆಯಲು ಅದಕ್ಕಿಂತ ಹೆಚ್ಚು ವರ್ಷ ಬೇಕಾಯಿತು. ಈ ಮಹನೀಯರು ಕಲಿಯದೆಯೇ ಮರೆತಿದ್ದಾರೆ. ಎಲ್ಲಿ ತಪ್ಪುತ್ತಾರೆಂದು ನಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ."

ವೆಂಕಟಗಿರಿ ಚಮಚ ಕೆಳಗಿಟ್ಟ. ಇಷ್ಟು ದಿನ ಊರವರೆಲ್ಲ ಹೇಳಿದ್ದು ಹೊಟ್ಟೆಕಿಚ್ಚಿನ ಮಾತು ಎಂದು ತಳ್ಳಿಹಾಕಿದ್ದ. ಇವನು ಹೊಗಳುತ್ತಲೇ ಅದನ್ನೇ ಹೇಳುತ್ತಿದ್ದ. ಹೊಗಳಿಕೆಯನ್ನು ಹೇಗೆ ತಳ್ಳಿಹಾಕುವುದು? ಅವನಿಗೆ ತುಂಬ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ರಾಜಲಕ್ಷ್ಮಿ ಸಾಧನೆ ಮಾಡುವಾಗಲೆಲ್ಲ ಪಕ್ಕದಲ್ಲಿ ಕೂತು ತಾಳ ಹಾಕಿದ್ದವನು ತಾನು, ಅವಳ ಹಾಡನ್ನೂ ಇಷ್ಟು ವರ್ಷ ಕೆಡಿಸಿದೆನಲ್ಲ ಎಂದು ದುಃಖವಾಯಿತು. ಪಾಯಸ ಬೇಡವೆಂದ. ಪ್ರಹ್ಲಾದ ಹೆದರಿ ಅಕ್ಕನಿಗೆ ಫೋನ್ ಮಾಡಿದ.

ಮರ್ಫಿಗೆ ಬಂದ ವೆಂಕಟಗಿರಿ ಹೆಂಡತಿಯ ಮುಂದೆ ನಿಂತು, "ರಾಜಿ, ನನಗೆ ತಾಳ ಕಲಿಸು" ಎಂದ. ಅವಳು ಅವನ ಮುಖ ನೋಡಿ ಯಾಕೆಂದು ಕೇಳಲಿಲ್ಲ. ಗರಾಜಿನ ಚಾಪೆಯ ಮೇಲೆ ಪುಟ್ಟ ಮಕ್ಕಳ ಸಾಲಿನಲ್ಲಿ ಜಾಗ ಕೊಟ್ಟಳು.

ಮೊದಲ ಪಾಠದಲ್ಲೇ ಪಕ್ಕದ ಸಿಯಾ ಎಂಬ ಹುಡುಗಿ ಕೈ ಎತ್ತಿ, "ಆಂಟಿ, ಅಂಕಲ್ ಗಾಟ್ ಸ್ಟಕ್ ಆನ್ ದಿ ರಿಂಗ್ ಫಿಂಗರ್" ಎಂದು ದೂರಿತ್ತಳು. ರಾಜಲಕ್ಷ್ಮಿ ನಾಲ್ಕು ಸಲ ಹಾಡಿ ನೋಡಿದಳು. ನಾಲ್ಕು ಸಲವೂ ಅವನ ಕಣ್ಣು ಅವಳ ಮುಖಕ್ಕೆ ಬಂತು, ಬೆರಳು ನಿಂತಿತು.

"ನನ್ನ ನೋಡ್ಬೇಡಿ. ಆ ಕಡೆ ತಿರುಗಿ, ವಾಟರ್ ಹೀಟರ್ ನೋಡ್ಕೊಂಡು ಹಾಕಿ" ಎಂದಳು.

ವೆಂಕಟಗಿರಿ ವಾಟರ್ ಹೀಟರ್ ಕಡೆ ತಿರುಗಿದ. ಏನಾಶ್ಚರ್ಯ, ಬೆರಳುಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಡೆದವು. ವಾರವಿಡೀ ಅವನು ವಾಟರ್ ಹೀಟರನ್ನು ನೋಡಿದ. ಶನಿವಾರದ ಹೊತ್ತಿಗೆ ಗಡಿಯಾರದ ಪಕ್ಕ ಕೂರಿಸಿದರೆ ಗಡಿಯಾರವೇ ತಿದ್ದಿಕೊಳ್ಳಬೇಕು, ಅಷ್ಟು ಶುದ್ಧವಾಗಿತ್ತು ತಾಳ.

ಆಸ್ಟಿನ್‌ಗೆ ರಾಜಲಕ್ಷ್ಮಿಯೂ ಬಂದಳು. ಹಿಂದಿನ ವ್ಯಾನಿನಲ್ಲಿ ಡಾಕ್ಟರ್ ಬದರಿನಾಥರು, ಬಸವರಾಜ, ಸಭೆಯ ಇನ್ನೂ ಕೆಲವರು. ಕೇಳಿದ್ದು ನಿಜವೇ ಎಂದು ಕಣ್ಣಾರೆ ನೋಡದೆ ಅವರಿಗೆ ಸಮಾಧಾನವಿರಲಿಲ್ಲ. ದಾರಿಯಲ್ಲಿ ವೆಸ್ಟ್ ಎಂಬ ಊರಿನ ಬೇಕರಿಯಲ್ಲಿ ಎಲ್ಲರೂ ಹಣ್ಣಿನ ಕೊಲಾಚೆ ಬನ್ನು ತಿಂದರು. ವೆಂಕಟಗಿರಿ ಮಾತ್ರ ಬನ್ನನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ತಾಳ ಹಾಕುತ್ತ ಕೂತಿದ್ದ.

ವೇದಿಕೆಯ ಮೇಲೆ, ಡ್ರಮ್ಸ್ ಪಕ್ಕದ ಕುರ್ಚಿಯಲ್ಲಿ ಕೂತು ಅವನು ನೋಡಲು ಒಂದು ವಾಟರ್ ಹೀಟರ್ ಹುಡುಕಿದ. ಸಿಗಲಿಲ್ಲ. ಹಾಲಿನ ಹಿಂಬಾಗಿಲ ಮೇಲೆ ಕೆಂಪು ಎಕ್ಸಿಟ್ ಬೋರ್ಡು ಉರಿಯುತ್ತಿತ್ತು. ಅದನ್ನೇ ದಿಟ್ಟಿಸಿ ಶುರುಮಾಡಿದ.

ತಾಳ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಡಾಕ್ಟರು ಬೆರಗಾಗಿ ತಮ್ಮ ವಾಚು ನೋಡಿಕೊಂಡರು. ಆದರೆ ವೇದಿಕೆ ತಣ್ಣಗಾಗುತ್ತ ಬಂತು. ಟೊರ್ಬೆನ್ ಒಂದು ಕಡೆ ಕಾದ, ಬೆರಳು ನಿಲ್ಲಲಿಲ್ಲ. ಇನ್ನೊಂದು ಕಡೆ ಹಾರಲು ಹೊರಟ, ಬೆರಳು ಆಗಲೇ ಮುಂದಕ್ಕೆ ಹೋಗಿತ್ತು. ಸಿಗ್ರಿಡ್ ಕವಿತೆಯ ಪದ ಇಡಲು ಎಲ್ಲೂ ಜಾಗ ಸಿಗದೆ ಬಾಯಿ ತೆರೆದು ಮುಚ್ಚಿದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಆ ಕೆಮ್ಮಿನಲ್ಲಿ ತಾಳಕ್ಕಿಂತ ಹೆಚ್ಚು ಜೀವವಿತ್ತು.

"ಏನಾಯಿತು ನಿಮಗೆ? ಮೈ ಹುಷಾರಿಲ್ಲವೇ?" ಎಂದು ಟೊರ್ಬೆನ್ ಡ್ರಮ್ಸ್ ಮೇಲೆ ಬ್ರಷ್ ಆಡಿಸುತ್ತಲೇ ಪಿಸುಗುಟ್ಟಿದ.

"ಸರಿಹೋಗಿದೆ" ಎಂದ ವೆಂಕಟಗಿರಿ, ಎಕ್ಸಿಟ್ ಬೋರ್ಡಿನಿಂದ ಕಣ್ಣು ಕೀಳದೆ.

ಮೊದಲ ಸಾಲಿನಲ್ಲಿದ್ದ ರಾಜಲಕ್ಷ್ಮಿ ಗಂಡನ ಮುಖ ನೋಡುತ್ತಿದ್ದಳು. ಪರೀಕ್ಷೆಗೆ ಕೂತವರ ಮುಖ. ಸಂಗೀತ ಕೇಳುವಾಗ ಅವನ ಮುಖ ಎಂದೂ ಹಾಗೆ ಇರುತ್ತಿರಲಿಲ್ಲ. ಅವಳಿಂದ ಅದನ್ನು ಸಹಿಸಲಾಗಲಿಲ್ಲ. ಎದ್ದಳು. ಎಲ್ಲರ ಕಾಲು ದಾಟಿಕೊಂಡು, ರೇಷ್ಮೆ ಸೀರೆ ಸರಸರ ಎನ್ನಿಸುತ್ತ ಹಾಲಿನ ಉದ್ದಕ್ಕೂ ನಡೆದಳು. ಹೆಂಡತಿಯೇ ಎದ್ದು ಹೋದಳಲ್ಲ ಎಂದು ಡಾಕ್ಟರು ತಲೆ ತಗ್ಗಿಸಿದರು. ಅವಳು ಹೋಗಲಿಲ್ಲ. ಎಕ್ಸಿಟ್ ಬೋರ್ಡಿನ ಕೆಳಗೆ ತಿರುಗಿ ನಿಂತು, ಗಂಡನನ್ನು ನೋಡಿ ನಕ್ಕಳು.

ಉಂಗುರ ಬೆರಳು ನಿಂತಿತು.

ಟೊರ್ಬೆನ್ ಆ ಖಾಲಿ ಜಾಗಕ್ಕೆ ಮೈಯೆಲ್ಲ ಹಾಕಿ ಬಿದ್ದ. ಸ್ಯಾಕ್ಸೊಫೋನ್ ಕೂಗಿತು, ಸಿಗ್ರಿಡಳ ಮೀನುಗಳು ಗಾಳಿಯಲ್ಲಿ ತೂಗಾಡಿದವು. ಬೆರಳು ಹೊರಟಿತು, ಮತ್ತೆ ನಿಂತಿತು. ಆಸ್ಟಿನ್‌ನ ಜನ ಎದ್ದು ನಿಂತರು. ಬಸವರಾಜನೂ ಎದ್ದು, "ಭಲೇ ವೆಂಕಟಗಿರಿಯವರ" ಎಂದ.

ಕಚೇರಿ ಮುಗಿದ ಮೇಲೆ ಡಾಕ್ಟರ್ ಬದರಿನಾಥರು ಕೆಂಪಗಾಗಿ ಬಂದರು. "ಇಷ್ಟು ವರ್ಷ ನಾನು ಔಷಧಿ ಕೊಡ್ತಾ ಬಂದಿರೋ ಕಾಯಿಲೆಗೆ ಇಲ್ಲಿ ಚಪ್ಪಾಳೆ. ಇರಲಿ. ಇಂಟರ್‌ನ್ಯಾಷನಲ್ ಕಲಾವಿದರನ್ನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ರೆ ಸಭೆಗೆ ಕೆಟ್ಟ ಹೆಸರು. ಯುಗಾದಿಗೆ ಮೊದಲ ಸಾಲು ಕೊಡ್ತೀನಿ. ಆದರೆ ಕೈ ಕಟ್ಕೊಂಡು ಕೂರಬೇಕು."

ಒಂದು ತಿಂಗಳ ಹಿಂದೆ ಆಗಿದ್ದರೆ ವೆಂಕಟಗಿರಿ ಜಗಳಕ್ಕೆ ನಿಲ್ಲುತ್ತಿದ್ದ. ಈಗ ತಲೆಯಾಡಿಸಿದ. "ಆಗಲಿ ಡಾಕ್ಟ್ರೇ. ಅವಳ ಕಚೇರಿ ಚೆನ್ನಾಗಿ ಆದ್ರೆ ಸಾಕು."

ಯುಗಾದಿಯ ಸಂಜೆ ಪಾರ್ಕಿಂಗಿಗೆ ಬಸವರಾಜ ನಿಂತ. ಮೊದಲ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ವೆಂಕಟಗಿರಿ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ಕೂತ. ಮೃದಂಗಕ್ಕೆ ಬಂದವರು ಹಿಂದಿನ ವರ್ಷದ ವಿದ್ವಾಂಸರೇ. ಆ ಕೈಗಳನ್ನು ನೋಡಿ ಅವರು ಈ ಸಲ ಕಣ್ಣು ತೆರೆದೇ ಇಟ್ಟರು.

ಮೊದಲ ಹಾಡಾದ ವರ್ಣ ಹೇಗೋ ಮುಗಿಯಿತು. ಎರಡನೆಯ ಹಾಡಿನ ಪಲ್ಲವಿಯಲ್ಲಿ ರಾಜಲಕ್ಷ್ಮಿ ಒಂದು ಸ್ವರವನ್ನು ಹಿಡಿದು ನಿಂತಳು. ಏನನ್ನೋ ಕಾಯುವವಳ ಹಾಗೆ ನಿಂತಳು. ಮೃದಂಗ ಅವಳನ್ನು ಬಿಟ್ಟು ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಹೋಗಿಬಿಟ್ಟಿತು. ಮತ್ತೆ ಎತ್ತಿದಳು, ಮತ್ತೆ ಅಲ್ಲೇ ನಿಂತಳು, ಮತ್ತೆ ತಪ್ಪಿತು. ಸಭೆಯಲ್ಲಿ ಗುಸುಗುಸು ಶುರುವಾಯಿತು. ಸಿಯಾಳ ಮುಖ ಅಳುವಂತಾಯಿತು. ವೆಂಕಟಗಿರಿ ಕೈಗಳನ್ನು ಇನ್ನಷ್ಟು ಬಿಗಿಮಾಡಿದ.

ರಾಜಲಕ್ಷ್ಮಿ ಹಾಡು ನಿಲ್ಲಿಸಿದಳು. ತಂಬೂರಿ ಪೆಟ್ಟಿಗೆಯೊಂದೇ ಗುಂಯ್‌ಗುಡುತ್ತಿತ್ತು. ಮೈಕಿನಲ್ಲೇ ಹೇಳಿದಳು.

"ರೀ, ಕೈ ತೆಗೀರಿ."

"ತಪ್ಪತ್ತೆ ಕಣೇ" ಎಂದ ಅವನು, ಎಲ್ಲರಿಗೂ ಕೇಳುವಂತೆ.

"ತಪ್ಪಲಿ. ಇಷ್ಟು ವರ್ಷ ಅದನ್ನೇ ನಂಬ್ಕೊಂಡು ಹಾಡಿದೀನಿ."

ಡಾಕ್ಟರ್ ಬದರಿನಾಥರು ಅರ್ಧ ಎದ್ದವರು, ವಿದ್ವಾಂಸರು ಕೈ ಅಡ್ಡ ಮಾಡಿದ್ದರಿಂದ ಹಾಗೇ ಕೂತು ತಮ್ಮ ನಾಡಿಯನ್ನು ತಾವೇ ಹಿಡಿದುಕೊಂಡರು. ವೆಂಕಟಗಿರಿ ಕೈ ಬಿಡಿಸಿ, ಜುಬ್ಬದ ತೋಳು ಮಡಚಿ, ತೊಡೆ ತಟ್ಟಿದ. ಅವಳು ಪಲ್ಲವಿ ಎತ್ತಿದಳು. ಕಿರುಬೆರಳು ಆಯಿತು. ಉಂಗುರ ಬೆರಳಿಗೆ ಬರುವಾಗ ಅವನ ಕಣ್ಣು ಅವಳ ಮುಖಕ್ಕೆ ಹೋಯಿತು, ಬೆರಳು ಅಲ್ಲೇ ನಿಂತಿತು. ಅವಳು ಆ ಸ್ವರವನ್ನು ಹಿಡಿದು, ತಿರುಗಿಸಿ, ಮೆಲ್ಲಗೆ ತೂಗುತ್ತ, ಬೆರಳು ಹೊರಡುವ ತನಕ ಕಾದಳು. ಇಬ್ಬರೂ ಒಟ್ಟಿಗೆ ಸಮಕ್ಕೆ ಬಂದರು. ಮುಂದಿನ ಸಲ ವಿದ್ವಾಂಸರಿಗೆ ಗುಟ್ಟು ಸಿಕ್ಕಿತು. ಅವರೂ ಅಲ್ಲಿ ಕೈ ತಡೆದು, ವೆಂಕಟಗಿರಿಯ ಕಡೆಗೇ ತಿರುಗಿ ನೋಡತೊಡಗಿದರು.

ಮಂಗಳವಾದ ಮೇಲೆ, ಕೋಸಂಬರಿಯ ತಟ್ಟೆ ಹಿಡಿದು ವಿದ್ವಾಂಸರು ರಾಜಲಕ್ಷ್ಮಿಯ ಹತ್ತಿರ ಬಂದರು.

"ಅಮ್ಮಾ, ಪಲ್ಲವಿಯಲ್ಲಿ ಆ ಒಂದು ಕಡೆ ತಡೆದು ನಿಲ್ತೀರಲ್ಲ, ನಾನು ಎಲ್ಲೂ ಕೇಳಿಲ್ಲ. ಯಾರ ಶೈಲಿ, ಯಾವ ಬಾನಿ ಅದು?"

ಅವಳು ಹಾಲಿನ ಆಚೆ ನೋಡಿದಳು. ವೆಂಕಟಗಿರಿ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದ.

"ಮರ್ಫಿ ಬಾನಿ" ಎಂದಳು ರಾಜಲಕ್ಷ್ಮಿ.